ಆಸ್ಪತ್ರೆಯ ದಫ್ತರ ಯಾರಿಗೆ ತೆರೆದಿತ್ತು

ಆಸ್ಪತ್ರೆಯ ದಫ್ತರದಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಒಂದು ರೋಗಿಯೊಬ್ಬರ ಕೇಸ್ ಶೀಟು: ಬಂದಾಗಿನ ಸ್ಥಿತಿ, ಮಾಡಿದ ಪರೀಕ್ಷೆ, ಕೊಟ್ಟ ಔಷಧ, ಶಸ್ತ್ರಚಿಕಿತ್ಸೆಯ ವಿವರ, ನರ್ಸ್‌ಗಳು ಗಂಟೆಗೊಮ್ಮೆ ಬರೆದಿಟ್ಟ ಟಿಪ್ಪಣಿ. ಇನ್ನೊಂದು ಆಸ್ಪತ್ರೆಯ ಕುರಿತೇ ಇರುವ ಲೆಕ್ಕ: ವರ್ಷದಲ್ಲಿ ಎಷ್ಟು ಮಂದಿ ದಾಖಲಾದರು, ಎಷ್ಟು ಮಂದಿ ಸತ್ತರು, ಔಷಧದ ದಾಸ್ತಾನು ಎಷ್ಟು, ಎಷ್ಟು ವೈದ್ಯರ ಹುದ್ದೆ ಖಾಲಿ ಇದೆ, ದುಡ್ಡು ಎಲ್ಲಿಗೆ ಹೋಯಿತು. ಮೊದಲನೆಯದು ರೋಗಿಯ ಸ್ವಂತದ್ದು. ಎರಡನೆಯದನ್ನು ಕೇಳುವ ಹಕ್ಕು ಊರಿಗೆಲ್ಲ ಇದೆ ಎಂಬುದು ಈಗ ಒಪ್ಪಿತವಾದ ಮಾತು. ಆದರೆ ಇವೆರಡೂ ಬೇರೆ ಬೇರೆ ಎಂದು ಕಾನೂನು ಗುರುತಿಸುವ ಹೊತ್ತಿಗೆ ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದಿತ್ತು. ಅಲ್ಲಿಯತನಕ ಮೊದಲನೆಯದರ ಗೌಪ್ಯವನ್ನು ಮುಂದೊಡ್ಡಿ ಎರಡನೆಯದನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವುದೇ ರೂಢಿಯಾಗಿತ್ತು. ದಫ್ತರ ತೆರೆದಾಗಲೂ ಆಸ್ಪತ್ರೆ ಲೆಕ್ಕ ಒಪ್ಪಿಸಿದ್ದು ಹೆಚ್ಚಾಗಿ ಅದನ್ನು ನಡೆಸಲು ಹಣ ಕೊಟ್ಟವರಿಗೆ, ಅಲ್ಲಿ ಮಲಗಿದ್ದವರಿಗಲ್ಲ.

ಗುಟ್ಟು ಕಾಯುವ ಕಟ್ಟುಪಾಡು ಆಸ್ಪತ್ರೆಗಳಿಗಿಂತ ಬಹಳ ಹಳೆಯದು. ಗ್ರೀಸಿನ ಹಿಪಾಕ್ರಟಿಸನ ಹೆಸರಿನ ಪ್ರತಿಜ್ಞೆಯಲ್ಲಿ ಅದು ಇದೆ. ಚರಕ ಸಂಹಿತೆಯ ವಿಮಾನಸ್ಥಾನವೂ ರೋಗಿಯ ಮನೆಯೊಳಗೆ ಕಂಡದ್ದನ್ನು ಹೊರಗೆ ಆಡಬಾರದೆಂದು ವೈದ್ಯನಿಗೆ ವಿಧಿಸುತ್ತದೆ. ಆಯಸ್ಸು ಮುಗಿಯುತ್ತಿದೆ ಎಂದು ತಿಳಿದರೂ ರೋಗಿಗಾಗಲಿ ಮನೆಯವರಿಗಾಗಲಿ ಆಘಾತವಾಗುವಂತಿದ್ದರೆ ಹೇಳಬಾರದು ಎಂಬ ಮಾತೂ ಅಲ್ಲೇ ಬರುತ್ತದೆ. ಹಾಗಾಗಿ ಹಳೆಯ ನೀತಿ ಬರೀ ಮೂರನೆಯವರ ಬಾಯಿಗೆ ಬೀಗ ಹಾಕಲಿಲ್ಲ. ಏನನ್ನು ತಿಳಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವನ್ನೂ ವೈದ್ಯನ ವಿವೇಕಕ್ಕೇ ಬಿಟ್ಟಿತು.

ಆಸ್ಪತ್ರೆಯ ಲೆಕ್ಕ ಅಚ್ಚಾಗಿ ಹೊರಬರತೊಡಗಿದ್ದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ. ಚಂದಾದಾರರ ದೇಣಿಗೆಯಿಂದ ನಡೆಯುವ ಆಸ್ಪತ್ರೆಗಳು ಅಲ್ಲಿ ಒಂದರ ಹಿಂದೊಂದು ಹುಟ್ಟಿಕೊಂಡವು; 1740ರಲ್ಲಿ ಆರಂಭವಾದ ಲಂಡನ್ ಹಾಸ್ಪಿಟಲ್ ಅವುಗಳಲ್ಲೊಂದು. ಹಣ ಕೊಟ್ಟ ಗಣ್ಯರಿಗೆ ರೋಗಿಗಳನ್ನು ಶಿಫಾರಸು ಮಾಡಿ ಕಳಿಸುವ ಅಧಿಕಾರವಿತ್ತು. ವರ್ಷಕ್ಕೊಮ್ಮೆ ಅವರ ಕೈಗೆ ವರದಿ ಬರುತ್ತಿತ್ತು: ಇಷ್ಟು ಮಂದಿ ಗುಣವಾದರು, ಇಷ್ಟು ಮಂದಿಗೆ ಕೊಂಚ ಹಗುರವಾಯಿತು, ಇಷ್ಟು ಮಂದಿ ತೀರಿಕೊಂಡರು. ಗುಣವಾದವರ ಸಂಖ್ಯೆ ದೊಡ್ಡದಿದ್ದಷ್ಟೂ ಮುಂದಿನ ವರ್ಷದ ಚಂದಾ ಸಲೀಸು. ಹೀಗಾಗಿ ಉಳಿಯುವ ಭರವಸೆಯಿಲ್ಲದ ರೋಗಿಗಳನ್ನು ಬಾಗಿಲಲ್ಲೇ ತಡೆಯುವ ನಿಯಮಗಳು ಆ ಕಾಲದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿದ್ದವು. ಅಂಕಿ ಹೊರಗೆ ಹೋಗುತ್ತದೆಂದಾದ ಕೂಡಲೇ ಅದನ್ನು ಚಂದಗಾಣಿಸುವ ಹಂಬಲವೂ ಹುಟ್ಟುತ್ತದೆ. ಇನ್ನೂರು ವರ್ಷಗಳ ಬಳಿಕ ನ್ಯೂಯಾರ್ಕಿನಲ್ಲೂ ಇದೇ ದೂರು ಕೇಳಿಬಂತು. ಆಸ್ಪತ್ರೆಗಳು ವ್ಯವಸ್ಥಿತ ರಿಜಿಸ್ಟರ್ ಇಡಬೇಕೆಂದು ಮ್ಯಾಂಚೆಸ್ಟರಿನ ವೈದ್ಯ ಥಾಮಸ್ ಪರ್ಸಿವಲ್ 1803ರಲ್ಲಿ ಪ್ರಕಟಿಸಿದ ವೈದ್ಯನೀತಿಯ ಗ್ರಂಥದಲ್ಲಿ ಸಲಹೆ ಮಾಡಿದ. ಓದಿದವರು ಹಲವರು, ಪಾಲಿಸಿದವರು ಕೆಲವರು.

ಆ ಲೆಕ್ಕವನ್ನು ಚಂದಾದಾರರ ಕೈಯಿಂದ ಬಿಡಿಸಿ ಸಾರ್ವಜನಿಕ ವಾದದ ವಸ್ತುವಾಗಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ದಾದಿಯ ಚಿತ್ರವೇ ಪಠ್ಯಪುಸ್ತಕಗಳನ್ನು ತುಂಬಿಕೊಂಡಿರುವುದರಿಂದ ಅವಳು ಅಂಕಿ-ಅಂಶಗಳ ಹಿಂದೆ ಬಿದ್ದವಳೆಂಬುದು ಹಿಂದೆ ಸರಿದಿದೆ. 1854ರ ಕೊನೆಯಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದಾಗ ಸತ್ತ ಸೈನಿಕರ ಲೆಕ್ಕವೂ ಅಲ್ಲಿ ಸರಿಯಾಗಿರಲಿಲ್ಲ. ಊರಿಗೆ ಮರಳಿದ ಮೇಲೆ ಅವಳು ಜನನ-ಮರಣ ನೋಂದಣಿ ಕಚೇರಿಯ ಅಂಕಿ-ಅಂಶ ತಜ್ಞ ವಿಲಿಯಂ ಫಾರ್‌ನ ನೆರವಿನಿಂದ ಎಲ್ಲ ಆಸ್ಪತ್ರೆಗಳೂ ಒಂದೇ ಬಗೆಯಲ್ಲಿ ತುಂಬಬಹುದಾದ ನಮೂನೆಗಳನ್ನು ಸಿದ್ಧಪಡಿಸಿದಳು. 1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಅವನ್ನು ಒಪ್ಪಿತು. ಕೆಲವು ಆಸ್ಪತ್ರೆಗಳು ತುಂಬಿಯೂ ನೋಡಿದವು. ನಮೂನೆ ತೀರಾ ತೊಡಕಿನದ್ದಾದ್ದರಿಂದ ಕೆಲವೇ ವರ್ಷಗಳಲ್ಲಿ ಕೈಬಿಟ್ಟವು.

ದೊಡ್ಡ ಗದ್ದಲ ಎದ್ದಿದ್ದು 1863ರಲ್ಲಿ, ಆಸ್ಪತ್ರೆಗಳ ಕುರಿತ ಅವಳ ಟಿಪ್ಪಣಿಗಳ ಮೂರನೆಯ ಆವೃತ್ತಿ ಹೊರಬಂದಾಗ. ಫಾರ್ ಒದಗಿಸಿದ ಕೋಷ್ಟಕವೊಂದು ಅದರಲ್ಲಿತ್ತು. 1861ರ ಏಪ್ರಿಲ್ 8ರಂದು ಲಂಡನ್ನಿನ 24 ಆಸ್ಪತ್ರೆಗಳಲ್ಲಿ 4,214 ಒಳರೋಗಿಗಳಿದ್ದರು. ಆ ವರ್ಷ ಅಲ್ಲಿ ಸತ್ತವರು 3,828. ಆದ್ದರಿಂದ ಸಾವಿನ ಪ್ರಮಾಣ ಶೇಕಡಾ 90.84 ಎಂದು ಕೋಷ್ಟಕ ಹೇಳಿತು. ಹಳ್ಳಿಗಾಡಿನ ಆಸ್ಪತ್ರೆಗಳ ಅಂಕಿ ಅದಕ್ಕಿಂತ ಎಷ್ಟೋ ಕಡಿಮೆಯಿತ್ತು. ಲಂಡನ್ನಿನ ವೈದ್ಯರು ಕೆರಳಿದರು. ಒಂದು ದಿನ ಮಂಚದ ಮೇಲಿದ್ದವರ ಸಂಖ್ಯೆಯಿಂದ ಇಡೀ ವರ್ಷದ ಸಾವನ್ನು ಭಾಗಿಸುವುದು ಯಾವ ಲೆಕ್ಕ ಎಂದು ವೈದ್ಯಪತ್ರಿಕೆಗಳು ಕೇಳಿದವು. ಆಕ್ಷೇಪ ಸರಿಯಾಗಿಯೇ ಇತ್ತು. ವರ್ಷವಿಡೀ ಚಿಕಿತ್ಸೆ ಪಡೆದವರ ಸಂಖ್ಯೆಯಿಂದ ಭಾಗಿಸಿದ್ದರೆ ಪ್ರಮಾಣ ಹಲವು ಪಟ್ಟು ಇಳಿಯುತ್ತಿತ್ತು. ದೊಡ್ಡ ಊರಿನ ಆಸ್ಪತ್ರೆಗೆ ಹೆಚ್ಚು ಕಷ್ಟದ ರೋಗಿಗಳು ಬರುತ್ತಾರೆಂಬ ಮಾತೂ ನಿಜವೇ. ಆದರೂ ಈ ತಪ್ಪು ಕೋಷ್ಟಕದಿಂದ ಒಂದು ಒಳ್ಳೆಯದಾಯಿತು. ಆಸ್ಪತ್ರೆ ಆಸ್ಪತ್ರೆಗಳನ್ನು ಹೋಲಿಸುವ ಸರಿಯಾದ ಬಗೆ ಯಾವುದು ಎಂಬ ಪ್ರಶ್ನೆಗೆ ವೈದ್ಯರೇ ಬಹಿರಂಗವಾಗಿ ಉತ್ತರ ಹುಡುಕಬೇಕಾಯಿತು.

ಅದೇ 1863ರಲ್ಲಿ ಭಾರತದ ಸೇನಾ ನೆಲೆಗಳ ಆರೋಗ್ಯ ಸ್ಥಿತಿಯ ಕುರಿತ ರಾಯಲ್ ಕಮಿಷನ್ನಿನ ವರದಿಯೂ ಪ್ರಕಟವಾಯಿತು. ಅದರ ಹಿಂದೆಯೂ ನೈಟಿಂಗೇಲ್ ಇದ್ದಳು. ಬೆಂಗಳೂರಿನ ದಂಡೂ ಸೇರಿದಂತೆ ಇಲ್ಲಿನ ನೆಲೆಗಳಿಗೆಲ್ಲ ಪ್ರಶ್ನಾವಳಿ ಬಂದಿತ್ತು: ನೀರು ಎಲ್ಲಿಂದ, ಚರಂಡಿ ಹೇಗೆ, ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ವರದಿ ಲೆಕ್ಕ ಹಾಕಿತು. ಬೆಂಗಳೂರಿನ ಸೇನಾ ಆಸ್ಪತ್ರೆಯ ಸ್ಥಿತಿ ಲಂಡನ್ನಿನ ಓದುಗರಿಗೆ ಅಚ್ಚಿನಲ್ಲಿ ಸಿಕ್ಕಿತು. ಪೇಟೆಯ ಜನಕ್ಕೆ ಸಿಗಲಿಲ್ಲ. ಆಮೇಲೆ ಪ್ರಾಂತಗಳ ಸಿವಿಲ್ ಆಸ್ಪತ್ರೆ ಮತ್ತು ಡಿಸ್ಪೆನ್ಸರಿಗಳ ವಾರ್ಷಿಕ ವರದಿಗಳು ಬಂದದ್ದೂ ಇದೇ ಬಗೆಯಲ್ಲಿ. ಮೈಸೂರು ಸಂಸ್ಥಾನದ ಆಡಳಿತ ವರದಿಗಳಲ್ಲೂ ವೈದ್ಯಕೀಯ ಇಲಾಖೆಯ ಅಧ್ಯಾಯ ಇರುತ್ತಿತ್ತು. ಎಲ್ಲವೂ ಇಂಗ್ಲಿಷಿನಲ್ಲಿ, ಕೆಳಗಿನ ಅಧಿಕಾರಿ ಮೇಲಿನ ಅಧಿಕಾರಿಗೆ ಒಪ್ಪಿಸುತ್ತಿದ್ದ ಲೆಕ್ಕ. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದಾಗಲೂ ಅದರ ರಿಜಿಸ್ಟರುಗಳ ಓದುಗರು ಇಲಾಖೆಯವರೇ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬಂದ ಮೇಲೆ ಸರ್ಕಾರಿ ಕಚೇರಿಯ ಕಾಗದವೆಂದರೆ ಗುಟ್ಟಿನದ್ದು ಎಂಬ ಭಾವನೆ ಆಸ್ಪತ್ರೆಯ ಗುಮಾಸ್ತನವರೆಗೂ ಇಳಿಯಿತು. ಸ್ವಾತಂತ್ರ್ಯ ಬಂದರೂ ಆ ಕಾಯ್ದೆ ಹೋಗಲಿಲ್ಲ, ಭಾವನೆಯೂ ಹೋಗಲಿಲ್ಲ.

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್‌ನ ವಾದ ಸರಳವಾಗಿತ್ತು: ಶಸ್ತ್ರಚಿಕಿತ್ಸೆಯಾದ ಪ್ರತಿ ರೋಗಿಯನ್ನೂ ವರ್ಷದ ಬಳಿಕ ಮತ್ತೆ ಕಂಡು, ಕೊನೆಗೆ ಫಲಿತಾಂಶ ಏನಾಯಿತೆಂದು ಬರೆದು, ಅದನ್ನು ಪ್ರಕಟಿಸಬೇಕು. ತಾನು ಕೆಲಸ ಮಾಡುತ್ತಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಒಪ್ಪದಿದ್ದಾಗ ಸ್ವಂತ ಆಸ್ಪತ್ರೆ ತೆರೆದ. 1911ರಿಂದ 1916ರ ನಡುವೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ವಿವರವನ್ನು ಅಚ್ಚು ಹಾಕಿಸಿದ. ಜೊತೆಗೆ ತನ್ನ ಆಸ್ಪತ್ರೆಯಲ್ಲಾದ 123 ತಪ್ಪುಗಳ ಪಟ್ಟಿಯನ್ನೂ ಕೊಟ್ಟ. ಯಾವ ತಪ್ಪು ಜ್ಞಾನದ ಕೊರತೆಯಿಂದ, ಯಾವುದು ಕೈತಪ್ಪಿನಿಂದ ಎಂಬ ವಿಂಗಡಣೆಯೂ ಅದರಲ್ಲಿತ್ತು. ಇಷ್ಟಾದರೂ ಅವನ ವೃತ್ತಿಬಾಂಧವರು ಸಹಿಸಿಕೊಂಡಾರು. 1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ಅವನು ದೊಡ್ಡದೊಂದು ವ್ಯಂಗ್ಯಚಿತ್ರ ಬಿಚ್ಚಿಟ್ಟ. ಮರಳಲ್ಲಿ ತಲೆ ಹೂತ ಉಷ್ಟ್ರಪಕ್ಷಿ ಬಾಸ್ಟನ್ನಿನ ಸಿರಿವಂತ ರೋಗಿಗಳು. ಅದು ಒದ್ದು ಕಳಿಸುತ್ತಿದ್ದ ಚಿನ್ನದ ಮೊಟ್ಟೆಗಳು ವೈದ್ಯರ ಪಾಲು. ಸಭೆ ರಂಪವಾಯಿತು, ಸಂಘದ ಅಧ್ಯಕ್ಷ ಸ್ಥಾನ ಕಾಡ್‌ಮನ್‌ನ ಕೈಬಿಟ್ಟಿತು.

ಅವನ ವಿಚಾರದ ಒಂದು ಭಾಗವನ್ನು 1913ರಲ್ಲಿ ಹುಟ್ಟಿದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎತ್ತಿಕೊಂಡಿತು. ಪ್ರತಿ ರೋಗಿಗೂ ಪೂರ್ಣ ಕೇಸ್ ದಾಖಲೆ ಇರಬೇಕೆಂಬ ಷರತ್ತೂ ಸೇರಿದಂತೆ ಕನಿಷ್ಠ ಮಾನದಂಡಗಳನ್ನು ರೂಪಿಸಿ, ನೂರು ಹಾಸಿಗೆಗಿಂತ ದೊಡ್ಡದಾದ 692 ಆಸ್ಪತ್ರೆಗಳನ್ನು ತಪಾಸಣೆ ಮಾಡಿಸಿತು. ತೇರ್ಗಡೆಯಾದವು 89 ಮಾತ್ರ. ದೇಶದ ಹೆಸರಾಂತ ಆಸ್ಪತ್ರೆಗಳು ಕೆಲವು ಅನುತ್ತೀರ್ಣವಾಗಿದ್ದವು. 1919ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಸಮ್ಮೇಳನ ಸೇರಿದಾಗ ಪಟ್ಟಿ ಪತ್ರಿಕೆಯವರ ಕೈಗೆ ಸಿಕ್ಕೀತೆಂದು ಹೆದರಿ, ಆಸ್ಪತ್ರೆವಾರು ವಿವರಗಳನ್ನು ಹೋಟೆಲಿನ ಕುಲುಮೆಗೆ ಹಾಕಿ ಸುಟ್ಟರು. ಅಂಕಿಗಳನ್ನಷ್ಟೇ ಘೋಷಿಸಿದರು, ಹೆಸರುಗಳನ್ನು ಹೇಳಲಿಲ್ಲ. ವೈದ್ಯವೃತ್ತಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಸಿದ್ಧವಿತ್ತು. ಫಲಿತಾಂಶವನ್ನು ಹೊರಗಿನವರು ಓದುವುದಕ್ಕೆ ಮಾತ್ರ ಸಿದ್ಧವಿರಲಿಲ್ಲ. ಅಮೆರಿಕದ ಆಸ್ಪತ್ರೆಗಳು ಇದೇ ನಿಲುವಿನಲ್ಲಿ ಇನ್ನೂ ಆರೂವರೆ ದಶಕ ಕಳೆದವು.

ಆ ಬೀಗ ಮುರಿದವರು ಪತ್ರಕರ್ತರು, ಅದೂ ಹಣ ಕೊಡುವವನ ಕಡೆಯಿಂದ. ವೃದ್ಧರ ಆಸ್ಪತ್ರೆ ವೆಚ್ಚ ಭರಿಸುತ್ತಿದ್ದ ಒಕ್ಕೂಟ ಸರ್ಕಾರದ ಬಳಿ ಪ್ರತಿ ಆಸ್ಪತ್ರೆಯ ಸಾವಿನ ಲೆಕ್ಕ ಇತ್ತು. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ನ್ಯೂಯಾರ್ಕ್ ಟೈಮ್ಸ್ ಕೇಳಿದ ಮೇಲೆ 1986ರಲ್ಲಿ ಅದು ಹೊರಬಂತು. ಸಾವಿನ ಪ್ರಮಾಣ ಎಲ್ಲಕ್ಕಿಂತ ಹೆಚ್ಚಿದ್ದ ಸಂಸ್ಥೆಯನ್ನು ಹೋಗಿ ನೋಡಿದರೆ, ಸಾವಿನಂಚಿನಲ್ಲಿರುವವರ ಆರೈಕೆಗೆಂದೇ ಇದ್ದ ಮನೆ ಅದು. 1863ರ ಕೋಷ್ಟಕದ ಪಾಠವನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನ್ಯೂಯಾರ್ಕ್ ರಾಜ್ಯ ಹೆಚ್ಚು ಎಚ್ಚರದಿಂದ ನಡೆಯಿತು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಪ್ರತಿ ರೋಗಿಯ ವಯಸ್ಸು, ಇತರ ಕಾಯಿಲೆ, ಅಪಾಯದ ಮಟ್ಟ ಎಲ್ಲವನ್ನೂ 1989ರಿಂದ ಸಂಗ್ರಹಿಸಿ, ಅದಕ್ಕೆ ತಕ್ಕಂತೆ ಸರಿದೂಗಿಸಿದ ಆಸ್ಪತ್ರೆವಾರು ಅಂಕಿ ಪ್ರಕಟಿಸಿತು. ವೈದ್ಯವಾರು ಅಂಕಿ ಕೊಡಲು ಒಪ್ಪದಿದ್ದಾಗ ನ್ಯೂಸ್‌ಡೇ ಪತ್ರಿಕೆ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. 1991ರ ಡಿಸೆಂಬರಿನಲ್ಲಿ ಶಸ್ತ್ರವೈದ್ಯರ ಹೆಸರಿನೊಂದಿಗೆ ಪಟ್ಟಿ ಅಚ್ಚಾಯಿತು. ಸರಿದೂಗಿಸಿದ ಸಾವಿನ ಪ್ರಮಾಣ 1989ರಲ್ಲಿ ಶೇಕಡಾ 4.17 ಇದ್ದದ್ದು 1992ರಲ್ಲಿ 2.45ಕ್ಕೆ ಇಳಿಯಿತು. ಇದು ಪ್ರಕಟಣೆಯ ಫಲವೆಂದು ಕೆಲವರು, ಅಪಾಯದ ರೋಗಿಗಳನ್ನು ಹೊರರಾಜ್ಯಕ್ಕೆ ಸಾಗಹಾಕಿದ್ದರ ಫಲವೆಂದು ಕೆಲವರು. ವಾದ ಇನ್ನೂ ತೀರಿಲ್ಲ.

ಬ್ರಿಟನ್ನಿನಲ್ಲಿ ದಫ್ತರ ತೆರೆಸಿದ್ದು ಒಂದು ದುರಂತ. ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿಯಲ್ಲಿ ಎಳೆಯ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶ ಕಳಪೆಯಾಗಿದೆಯೆಂದು ಅರಿವಳಿಕೆ ವೈದ್ಯ ಸ್ಟೀಫನ್ ಬೋಲ್ಸಿನ್ ವರ್ಷಗಟ್ಟಲೆ ಎಚ್ಚರಿಸಿದರು. ಇಯಾನ್ ಕೆನೆಡಿ ನೇತೃತ್ವದ ತನಿಖೆ 2001ರಲ್ಲಿ ವರದಿ ಕೊಟ್ಟಿತು: 1991ರಿಂದ 1995ರ ನಡುವೆ ನಿರೀಕ್ಷೆಗಿಂತ 30ರಿಂದ 35 ಹೆಚ್ಚು ಹಸುಗೂಸುಗಳು ಅಲ್ಲಿ ಸತ್ತಿದ್ದವು. ಮಾಹಿತಿ ಇರಲಿಲ್ಲವೆಂದಲ್ಲ, ಧಾರಾಳವಾಗಿಯೇ ಇತ್ತು. ತಂದೆತಾಯಿಗಳಿಗೆ ಮಾತ್ರ ಗೊತ್ತಿರಲಿಲ್ಲ. ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 2005ರ ಜನವರಿ 1ರಂದು ಪೂರ್ಣ ಜಾರಿಗೆ ಬಂತು. ಗಾರ್ಡಿಯನ್ ಪತ್ರಿಕೆ ಅದನ್ನು ಬಳಸಿ ಅದೇ ವರ್ಷ ಹೃದಯ ಶಸ್ತ್ರವೈದ್ಯರ ಫಲಿತಾಂಶಗಳನ್ನು ಪ್ರಕಟಿಸಿತು.

ಭಾರತದಲ್ಲಿ ದಾರಿ ತಿರುವುಮುರುವು. ಇಲ್ಲಿ ಮೊದಲು ದೊರೆತದ್ದು ರೋಗಿಯ ಸ್ವಂತ ಕೇಸ್ ಶೀಟು. ಆಸ್ಪತ್ರೆಯ ಲೆಕ್ಕ ಆಮೇಲೆ. ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ನವೆಂಬರಿನಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗ್ರಾಹಕ ವೇದಿಕೆಯಲ್ಲಿ ವಾದ ಹೂಡಬೇಕಾದರೆ ದಾಖಲೆ ಬೇಕು. ದಾಖಲೆ ಇದ್ದದ್ದು ಎದುರಾಳಿಯ ಬೀರುವಿನಲ್ಲಿ. ಮರುವರ್ಷವೇ ಬಾಂಬೆ ಹೈಕೋರ್ಟ್ ರೋಗಿಗಾಗಲಿ ಹತ್ತಿರದ ಸಂಬಂಧಿಕರಿಗಾಗಲಿ ಕೇಸ್ ಪೇಪರುಗಳ ಪ್ರತಿ ಕೊಡಲು ಆಸ್ಪತ್ರೆ ನಿರಾಕರಿಸುವಂತಿಲ್ಲ, ಗೌಪ್ಯದ ನೆಪ ಇಲ್ಲಿ ನಡೆಯದು ಎಂದಿತು. ಭಾರತೀಯ ವೈದ್ಯಕೀಯ ಪರಿಷತ್ತು 2002ರ ನೀತಿಸಂಹಿತೆಯಲ್ಲಿ ಇದನ್ನು ನಿಯಮವಾಗಿಸಿತು: ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಡದಿದ್ದರೆ ಅದು ವೃತ್ತಿಯ ದುರ್ನಡತೆ. ಡಿಸ್‌ಚಾರ್ಜ್ ಸಮ್ಮರಿ ಎಂಬ ಒಂದೆರಡು ಹಾಳೆ ಕೈಗಿಟ್ಟು ಸಾಗಹಾಕುವ ರೂಢಿ ಇದರಿಂದ ನಿಂತಿತೆಂದಲ್ಲ. ಆದರೆ ಉಳಿದ ಹಾಳೆಗಳನ್ನು ಕೇಳುವವರ ಕಾಲ ಕೆಳಗೆ ನೆಲ ಬಂತು.

ಆಸ್ಪತ್ರೆಯ ಲೆಕ್ಕ ಕೇಳುವ ಹಕ್ಕು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ರಾಜಸ್ಥಾನದ ಕೂಲಿಕಾರರ ಹಾಜರಿ ಪಟ್ಟಿಗಳಲ್ಲಿ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಬಹಿರಂಗ ಜನಸುನವಾಯಿಗಳು, 1996ರ ಬ್ಯಾವರ್ ಧರಣಿ, ಇವುಗಳಿಂದ ಬೇಡಿಕೆ ದೇಶಕ್ಕೆ ಹರಡಿತು. ಕೇಂದ್ರಕ್ಕಿಂತ ಮೊದಲೇ ಕಾಯ್ದೆ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2000ದಲ್ಲಿ ರೂಪುಗೊಂಡ ಇಲ್ಲಿನ ಮಾಹಿತಿ ಹಕ್ಕು ಕಾಯ್ದೆ 2002ರಲ್ಲಿ ಜಾರಿಗೆ ಬಂತು. 2005ರ ಅಕ್ಟೋಬರ್ 12ರಂದು ಕೇಂದ್ರ ಕಾಯ್ದೆ ಪೂರ್ಣವಾಗಿ ಜಾರಿಯಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬೋಧನಾ ಆಸ್ಪತ್ರೆಯವರೆಗೆ ಎಲ್ಲ ಸರ್ಕಾರಿ ಆಸ್ಪತ್ರೆಗಳೂ ಅದರೊಳಗೆ ಬಂದವು. ಸಿಬ್ಬಂದಿ, ಅಧಿಕಾರ, ಬಜೆಟ್ಟು ಮುಂತಾದ 17 ಬಗೆಯ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಅವುಗಳ ಹೊಣೆಯಾಯಿತು. ಹತ್ತು ರೂಪಾಯಿ ಶುಲ್ಕ ಕಟ್ಟಿದ ಯಾರೇ ಆಗಲಿ ಔಷಧ ದಾಸ್ತಾನಿನ ಪುಸ್ತಕ, ವೈದ್ಯರ ಹಾಜರಿ, ಕೆಟ್ಟು ನಿಂತ ಯಂತ್ರದ ದುರಸ್ತಿ ಕಡತ ಕೇಳಬಹುದು. ಪ್ರತಿಯಷ್ಟೇ ಅಲ್ಲ, ಕುಳಿತು ಪರಿಶೀಲಿಸಲೂಬಹುದು. ಉತ್ತರಕ್ಕೆ 30 ದಿನ; ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಆಸ್ಪತ್ರೆಯ ಮಟ್ಟಿಗೆ ಈ 48 ಗಂಟೆಯ ನಿಯಮ ಬಹಳ ಮುಖ್ಯವಾದುದು, ಅಷ್ಟೇ ಕಡಿಮೆ ಬಳಕೆಯಾದದ್ದು. ಕರ್ನಾಟಕ ಮಾತ್ರ 2008ರಲ್ಲಿ ತನ್ನ ನಿಯಮ ತಿದ್ದಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂದಿತು. ಮೊದಲೇ ಕಾಯ್ದೆ ಮಾಡಿದ ರಾಜ್ಯಕ್ಕೆ ಇದು ಶೋಭೆಯಲ್ಲ.

ಎರಡು ಬಗೆಯ ಮಾಹಿತಿಯ ನಡುವಿನ ಗೆರೆ ಎಲ್ಲಿ ಎಂಬುದು ಬೇಗನೇ ನ್ಯಾಯಾಲಯದ ಮುಂದೆ ಬಂತು. ನ್ಯಾಯಾಂಗ ನಿಂದನೆಗಾಗಿ 2006ರಲ್ಲಿ ಸುಪ್ರೀಂ ಕೋರ್ಟಿನಿಂದ ಒಂದು ತಿಂಗಳ ಶಿಕ್ಷೆ ಪಡೆದ ಮಹಾರಾಷ್ಟ್ರದ ರಾಜಕಾರಣಿ ಸುರೂಪ್‌ಸಿಂಗ್ ನಾಯಕ್ ಆ ಅವಧಿಯ ಬಹುಪಾಲು ದಿನಗಳನ್ನು ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಕಳೆದರು. ಅವರ ವೈದ್ಯಕೀಯ ವರದಿಯನ್ನು ಒಬ್ಬ ನಾಗರಿಕ ಕೇಳಿದರು. ರೋಗಿಯ ದಾಖಲೆ ಸಾಮಾನ್ಯವಾಗಿ ಗೌಪ್ಯವೇ. ಆದರೆ ಕೈದಿಯೊಬ್ಬನ ವಿಷಯದಲ್ಲಿ ಸಾರ್ವಜನಿಕ ಹಿತ ಮೇಲಾಗಬಹುದು, ವೈದ್ಯಕೀಯ ಪರಿಷತ್ತಿನ ನಿಯಮ ಮಾಹಿತಿ ಹಕ್ಕು ಕಾಯ್ದೆಯನ್ನು ಮೀರಲಾರದು ಎಂದು ಬಾಂಬೆ ಹೈಕೋರ್ಟ್ 2007ರಲ್ಲಿ ಹೇಳಿತು. 2014ರಲ್ಲಿ ಕೇಂದ್ರ ಮಾಹಿತಿ ಆಯೋಗ ರೋಗಿಗೆ ತನ್ನದೇ ದಾಖಲೆ ಪಡೆಯುವ ಹಕ್ಕಿದೆ, ಖಾಸಗಿ ಆಸ್ಪತ್ರೆಯೂ ಅದಕ್ಕೆ ಹೊರತಲ್ಲ ಎಂದು ಆದೇಶಿಸಿತು.

ಖಾಸಗಿ ಆಸ್ಪತ್ರೆಯ ಲೆಕ್ಕ ಮಾತ್ರ ಈ ಕಾಯ್ದೆಗೆ ನೇರವಾಗಿ ಸಿಗದು. ಸುತ್ತುಬಳಸಿನ ದಾರಿಯೊಂದಿದೆ: ಬೇರೊಂದು ಕಾನೂನಿನ ಬಲದಿಂದ ಸರ್ಕಾರಿ ಪ್ರಾಧಿಕಾರ ಖಾಸಗಿ ಸಂಸ್ಥೆಯಿಂದ ತರಿಸಿಕೊಳ್ಳಬಹುದಾದ ವಿವರವನ್ನು ನಾಗರಿಕ ಆ ಪ್ರಾಧಿಕಾರದಿಂದ ಕೇಳಬಹುದು. ಕರ್ನಾಟಕದಲ್ಲಿ ಆ ಬೇರೊಂದು ಕಾನೂನೆಂದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನರ ಬಾಯಲ್ಲಿ ಕೆಪಿಎಂಇ. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ಬಳಿಕ 2017ರಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದಕ್ಕೆ ಬಿಗಿಯಾದ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ನವೆಂಬರಿನಲ್ಲಿ ಮುಷ್ಕರ ಹೂಡಿದರು; ಬೆಳಗಾವಿ ಅಧಿವೇಶನ ಅದರಲ್ಲೇ ಮುಳುಗಿತು. ಕೊನೆಗೆ ಸಡಿಲಗೊಂಡು ಅಂಗೀಕಾರವಾದ ಕಾಯ್ದೆಯಲ್ಲೂ ರೋಗಿಗಳ ಹಕ್ಕುಪತ್ರ, ದರಪಟ್ಟಿಯ ಪ್ರದರ್ಶನ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಉಳಿದವು. ಕೋವಿಡ್ ಕಾಲದಲ್ಲಿ ಇದರ ಬೆಲೆ ತಿಳಿಯಿತು. 2020ರಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಚಿಕಿತ್ಸಾ ದರ ನಿಗದಿ ಮಾಡಿ, ಎಷ್ಟು ಹಾಸಿಗೆ ಖಾಲಿ ಇವೆಯೆಂದು ಸ್ವಾಗತಕಟ್ಟೆಯಲ್ಲೇ ಫಲಕ ಹಾಕುವಂತೆ ಆದೇಶಿಸಿತು. ಮರುವರ್ಷ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, ಬೆಂಗಳೂರಿನ ಹಾಸಿಗೆಗಳನ್ನು ಬೇರೆಯವರ ಹೆಸರಲ್ಲಿ ಕಾದಿರಿಸಿ ಮಾರುತ್ತಿದ್ದಾರೆಂಬ ದೂರಿನ ಮೇಲೆ ಬಂಧನಗಳಾದವು. ಪರದೆಯ ಮೇಲೆ ಕಾಣುವ ಅಂಕಿಯನ್ನು ಸ್ಥಳದಲ್ಲಿ ಹೋಗಿ ತಾಳೆ ನೋಡುವವರಿಲ್ಲದಿದ್ದರೆ ಪ್ರಕಟಣೆಯೊಂದರಿಂದಲೇ ಏನೂ ಆಗದು.

ಗೌಪ್ಯದ ಕಡೆಯ ಕಾನೂನೂ ಇದೇ ಕಾಲದಲ್ಲಿ ಗಟ್ಟಿಯಾಯಿತು. ಎಚ್‌ಐವಿ ಸೋಂಕಿನ ವಿಷಯವನ್ನು ಆಸ್ಪತ್ರೆ ಹೊರಗೆಡಹಿದ್ದರಿಂದ ಮದುವೆ ಮುರಿದುಬಿದ್ದ ರೋಗಿಯೊಬ್ಬರ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯ ಪರ ನಿಂತಿತ್ತು. 2017ರ ಹೊತ್ತಿಗೆ ಗಾಳಿ ತಿರುಗಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ತನ್ನ ದಾಖಲೆ ನೋಡುವ ಹಕ್ಕನ್ನೂ, ಅದು ಹೊರಗೆ ಹೋಗದಂತೆ ತಡೆಯುವ ಹಕ್ಕನ್ನೂ ಜೊತೆಜೊತೆಗೆ ಕೊಟ್ಟಿತು. ಹಳೆಯ ಗೊಂದಲವನ್ನು ಇಷ್ಟು ಚೊಕ್ಕವಾಗಿ ಬಿಡಿಸಿದ ಕಾನೂನು ಅಪರೂಪ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಸೂಕ್ಷ್ಮವನ್ನು ಉಳಿಸಿಕೊಳ್ಳಲಿಲ್ಲ. ಅದು ಮಾಹಿತಿ ಹಕ್ಕಿನ ಎಂಟನೆಯ ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದ ಮಾತ್ರಕ್ಕೆ ನಿರಾಕರಿಸಲು ಎಡೆಮಾಡಿತು. ವೈದ್ಯರ ಹಾಜರಿ ಪಟ್ಟಿಯಲ್ಲಿ ಹೆಸರುಗಳಿರುತ್ತವೆ. ತನಿಖಾ ವರದಿಯಲ್ಲೂ ಇರುತ್ತವೆ. ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದೆಂಬ ಉಪಕಲಮು ಉಳಿದಿದೆ, ಆದರೆ ಅದನ್ನು ತೂಗುವವರು ಆಸ್ಪತ್ರೆಯ ಮಾಹಿತಿ ಅಧಿಕಾರಿಯೇ. ನ್ಯೂಯಾರ್ಕಿನ ಮಾದರಿಯಲ್ಲಿ ಶಸ್ತ್ರಚಿಕಿತ್ಸೆಗಳ ಆಸ್ಪತ್ರೆವಾರು ಫಲಿತಾಂಶವನ್ನು ವರ್ಷವರ್ಷ ಪ್ರಕಟಿಸುವ ಏರ್ಪಾಡು ಭಾರತದಲ್ಲಿ ಬೆಳೆದಿಲ್ಲ. ವಿಮಾ ಯೋಜನೆಗಳ ಮೂಲಕ ಆಸ್ಪತ್ರೆಗಳಿಗೆ ಹಣ ಸಂದಾಯ ಮಾಡುವ ಸರ್ಕಾರಗಳ ಗಣಕಗಳಲ್ಲಿ ಅದಕ್ಕೆ ಬೇಕಾದ ದಾಖಲೆಗಳು ದಿನವೂ ಸೇರುತ್ತಿವೆ.